ಕಂಬ ನೆಡುವ ಮುನ್ನ

ಮನೆ ಕಟ್ಟುವವನು ಮೊದಲು ನೆಲವನ್ನು ನೋಡುತ್ತಾನೆ; ಬಾವಿ ತೋಡುವವನು ನೀರಿನ ಸೆಲೆಯನ್ನು ನೋಡುತ್ತಾನೆ; ಬೇಸಾಯಗಾರನು ಬಿತ್ತುವುದಕ್ಕೆ ಮೊದಲು ಮಣ್ಣನ್ನೂ ಮುಗಿಲನ್ನೂ ಕೂಡಿಯೇ ನೋಡುತ್ತಾನೆ. ಬರಿಯ ಬಯಲನ್ನು, ಕಣ್ಣಿಗೆ ಕಾಣದ ಗಾಳಿಯ ದಾರಿಯನ್ನು ನೋಡಬೇಕಾದ ಕೆಲಸವೂ ಒಂದುಂಟೆಂಬುದು ನಮಗೆ ತಿಳಿದುಬಂದುದು ಈಚೆಗೆ. ನಿಸ್ತಂತು ಜಾಲದ ಆಂಟೆನಾವನ್ನು ಹೊರಗಡೆ ನಿಲ್ಲಿಸುವುದಕ್ಕೆ ಸ್ಥಳವನ್ನು ಸಿದ್ಧಪಡಿಸುವುದೇ ಆ ಕೆಲಸ. ಉಪಕರಣವನ್ನು ಕಂಬಕ್ಕೆ ಕಟ್ಟುವುದು ಒಂದು ಬೆಳಗಿನ ಕೆಲಸವೆಂದು ಬಲ್ಲವರು ಹೇಳುತ್ತಾರೆ. ಕಂಬಕ್ಕೆ ಎಡೆ ಮಾಡುವುದಕ್ಕೆ ನಮಗೆ ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳಲ್ಲಿ ಕಲಿತ ಪಾಠವನ್ನು, ನಮ್ಮಂತೆಯೇ ಗಡಿನಾಡಿನ ಶಾಲೆಗಳಲ್ಲಿ ದುಡಿಯುತ್ತಿರುವ ಉಪಾಧ್ಯಾಯ ಬಂಧುಗಳ ಮುಂದೆಯೂ, ಓದಿನಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳ ಮುಂದೆಯೂ ಇಡುವ ಆಸೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಮತ್ತಿಗಿರಿಯನ್ನು ಅರಿಯದ ವಾಚಕರಿಗೆ ಒಂದೆರಡು ವಿಷಯಗಳನ್ನು ಹೇಳಬೇಕು. ಹೊಸೂರಿಗೆ ಹೊಂದಿಕೊಂಡೇ ಇರುವ ಊರು ಇದು. ಈಸ್ಟ್ ಇಂಡಿಯಾ ಕಂಪನಿಯವರು ತಮ್ಮ ಸೈನ್ಯಕ್ಕೆ ಬೇಕಾದ ಕುದುರೆಗಳನ್ನು ಸಾಕುವುದಕ್ಕಾಗಿ ೧೮೨೪ರಲ್ಲಿ ಇಲ್ಲಿ ಒಂದು ಕ್ಷೇತ್ರವನ್ನು ತೆರೆದರು. ಅದೇ ಇಂದು ಸರ್ಕಾರದ ಜಾನುವಾರು ಕ್ಷೇತ್ರವಾಗಿ ವಿಶಾಲವಾದ ಹುಲ್ಲುಗಾವಲಿನೊಡನೆ ಉಳಿದುಕೊಂಡಿದೆ. ೧೯೫೬ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ನಮ್ಮ ತಾಲ್ಲೂಕು ಸೇಲಂ ಜಿಲ್ಲೆಯಲ್ಲಿತ್ತು. ೧೯೬೫ರಲ್ಲಿ ಧರ್ಮಪುರಿ ಜಿಲ್ಲೆಗೆ ಸೇರಿತು. ೨೦೦೪ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಸೇರಿತು. ಜಿಲ್ಲೆಯ ಹೆಸರು ಎರಡು ಸಲ ಬದಲಾದರೂ ಅಡಿಗೆಮನೆಯ ಮಾತು ಬದಲಾಗಲಿಲ್ಲ. ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ನಡೆಯುತ್ತವೆ. ೨೦೦೬ರ ಕಾಯಿದೆ ಬಂದಮೇಲೆ ನಮ್ಮ ಮಕ್ಕಳು ತಮಿಳನ್ನು ತಪ್ಪದೆ ಕಲಿಯುತ್ತಾರೆ, ಚೆನ್ನಾಗಿಯೇ ಕಲಿಯುತ್ತಾರೆ. ನಮ್ಮ ಚಿಂತೆ ತಮಿಳಿನದಲ್ಲ. ಕನ್ನಡದ ತರಗತಿಯ ಬೆಂಚುಗಳು ವರ್ಷ ವರ್ಷಕ್ಕೆ ತೆರವಾಗುತ್ತಿವೆಯಲ್ಲ, ಅದರದು.

ಬೆಂಚು ತೆರವಾಗುವುದೇಕೆ? ತಂದೆತಾಯಿಗಳನ್ನು ಕೇಳಿದರೆ ಹೆಚ್ಚುಮಂದಿ ಭಾಷೆಯ ಮಾತನ್ನೇ ಎತ್ತುವುದಿಲ್ಲ. "ಅಲ್ಲಿ ಕಂಪ್ಯೂಟರ್ ಇದೆ, ನಿಮ್ಮಲ್ಲಿ ಏನಿದೆ?" ಎನ್ನುತ್ತಾರೆ. ನಮ್ಮದು ಊರಿನ ಅಂಚಿನಾಚೆ, ಮಂಗಳೂರು ಹೆಂಚು ಹೊದಿಸಿದ ಚಿಕ್ಕ ಶಾಲೆ. ಹಳೆಯ ಕಂಪ್ಯೂಟರೊಂದು ಇದ್ದಿತು, ಜಾಲದ ಸಂಪರ್ಕವಿರಲಿಲ್ಲ. ತಂತಿಯ ಕಂಬಗಳು ನಮ್ಮ ದಾರಿಯವರೆಗೆ ಬಂದಿರಲಿಲ್ಲ. ಊರೊಳಗೆ ನಮ್ಮ ಕನ್ನಡ ಸಂಘದ ವಾಚನಾಲಯದಲ್ಲಾದರೋ ಒಳ್ಳೆಯ ಸಂಪರ್ಕವಿದೆ. ಸಂಜೆ ಆರರ ಮೇಲೆ ಅದನ್ನು ಬಳಸುವವರು ನಾಲ್ವರು ಹಿರಿಯರು. ಇಲ್ಲಿಂದ ಅಲ್ಲಿಗೆ ಹಕ್ಕಿ ಹಾರುವ ದಾರಿಯಲ್ಲಿ ೨ ಕಿಲೋಮೀಟರ್ ದೂರ. ಅಲ್ಲಿರುವುದನ್ನು ಇಲ್ಲಿಗೆ ಗಾಳಿಯ ಮೇಲೆ ತರಬಹುದೆ ಎಂಬ ಪ್ರಶ್ನೆ ಸಂಘದ ಒಂದು ಸಭೆಯಲ್ಲಿ ಹುಟ್ಟಿತು. ತರಬಹುದಾದರೆ ೨೦೦೩ರಿಂದ ಬೆಳೆಯುತ್ತ ಬಂದಿರುವ ಕನ್ನಡ ವಿಕಿಪೀಡಿಯ, ೨೦೧೭ರಲ್ಲಿ ಆರಂಭವಾದ ದೀಕ್ಷಾ ಜಾಲತಾಣದ ಕನ್ನಡ ಪಾಠಗಳು, ಎಲ್ಲವೂ ನಮ್ಮ ಹೆಂಚಿನ ಮಾಡಿನ ಕೆಳಗೆ ಬರುತ್ತವೆ. ಈ ಕೆಲಸವನ್ನು ನಮ್ಮ ಪಾಲಿಗೆ ಒಪ್ಪಿಸಿದರು.

ಗಾಳಿಯ ಮೇಲೆ ಮಾತು ತರುವುದು ನಮ್ಮ ಜನಕ್ಕೆ ಹೊಸದೇನೂ ಅಲ್ಲ. ಜಗದೀಶಚಂದ್ರ ಬೋಸರು ೧೮೯೫ರಲ್ಲಿ ಕಲ್ಕತ್ತೆಯಲ್ಲಿ ತಂತಿಯ ನೆರವಿಲ್ಲದೆ, ಗೋಡೆಗಳ ಆಚೆಗೆ ಅಲೆಗಳನ್ನು ಕಳಿಸಿ ಗಂಟೆ ಬಾರಿಸಿ ತೋರಿಸಿದರು. ೧೯೩೫ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದರು. ಅದಕ್ಕೆ ಸಂದ 'ಆಕಾಶವಾಣಿ' ಎಂಬ ಹೆಸರು ಮುಂದೆ ದೇಶಕ್ಕೆಲ್ಲ ಸಂದಿತು. ೧೯೫೫ರಲ್ಲಿ ಬೆಂಗಳೂರು ಕೇಂದ್ರ ಆರಂಭವಾದ ಮೇಲಿನ ದಿನಗಳಲ್ಲಿ, ಮನೆಯ ಮೇಲೆ ಎರಡು ಬಿದಿರು ಗಳುಗಳನ್ನು ನಿಲ್ಲಿಸಿ ನಡುವೆ ತಾಮ್ರದ ತಂತಿ ಎಳೆದು ಕನ್ನಡ ವಾರ್ತೆ ಕೇಳುತ್ತಿದ್ದುದನ್ನು ನಮ್ಮೂರಿನ ವೃದ್ಧರು ಇಂದಿಗೂ ಹೇಳುತ್ತಾರೆ. ಅಂದಿನ ತಂತಿ ಹೇಗೆ ಕಟ್ಟಿದರೂ ಅಷ್ಟಿಷ್ಟು ನುಡಿಯುತ್ತಿತ್ತು. ಏಕೆಂದರೆ ಆ ಅಲೆಗಳು ನೂರಾರು ಮೀಟರು ಉದ್ದದವು, ಮನೆ ಮರಗಳನ್ನು ಬಳಸಿಕೊಂಡು ಬರಬಲ್ಲುವು. ಇಂದಿನ ನಿಸ್ತಂತು ಜಾಲದ ಅಲೆಯ ಉದ್ದ ಎರಡು ಅಂಗುಲ ಮಾತ್ರ. ಅದು ಬೆಳಕಿನ ಸ್ವಭಾವಕ್ಕೆ ಹತ್ತಿರ. ಅಡ್ಡಬಂದುದನ್ನು ಬಳಸಿಕೊಂಡು ಹೋಗುವ ಸೈರಣೆ ಅದಕ್ಕಿಲ್ಲ. ಆದುದರಿಂದ ಒಂದು ತುದಿಯಿಂದ ಇನ್ನೊಂದು ತುದಿ ಕಾಣಬೇಕು. ಇದೇ ಮೊದಲ ನಿಯಮ.

ಕಾಣುವುದೋ ಇಲ್ಲವೋ ಎಂದು ಪರೀಕ್ಷಿಸಲು ಮಕ್ಕಳನ್ನೇ ಕೂಡಿಸಿಕೊಂಡೆವು. ಫೆಬ್ರವರಿಯ ಕೊನೆಯ ಒಂದು ಸಂಜೆ ವಾಚನಾಲಯದ ತಾರಸಿಯ ಮೇಲೆ ಒಬ್ಬರು ಮುಖ ನೋಡುವ ಕನ್ನಡಿಯನ್ನು ಹಿಡಿದು ಬಿಸಿಲನ್ನು ನಮ್ಮತ್ತ ತಿರುಗಿಸಿದರು. ಇಲ್ಲಿ ಏಣಿಯ ಮೇಲೆ ನಿಂತ ಐದನೆಯ ತರಗತಿಯ ಹುಡುಗನೊಬ್ಬ, "ನಕ್ಷತ್ರ ಬಂತು ಸಾರ್!" ಎಂದು ಕೂಗಿದ. ಇದು ಹಳೆಯ ಯುಕ್ತಿ. ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ೧೮೦೨ರಲ್ಲಿ ಮದರಾಸಿನ ಬಳಿ ಅಡಿಗೆರೆಯನ್ನು ಅಳೆದು ದೇಶದ ಮಹಾ ಮೋಜಣಿಯನ್ನು ತೊಡಗಿದನು. ೧೮೦೪ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ಗೆರೆಯನ್ನು ಅಳೆದು ತನ್ನ ಲೆಕ್ಕವನ್ನು ತಾಳೆನೋಡಿದನು. ಬೆಟ್ಟದಿಂದ ಬೆಟ್ಟಕ್ಕೆ ನೋಟ ಹಾಯಿಸಿ ನಾಡನ್ನು ಅಳೆದ ಆ ಕೆಲಸದಲ್ಲಿ, ಮುಂದಿನ ದಿನಗಳಲ್ಲಿ ದೂರದ ಗುರುತನ್ನು ಕಾಣಿಸಲು ಕನ್ನಡಿಯ ಬಿಸಿಲನ್ನೇ ಬಳಸಿದರು. ಭೂಗೋಳದ ಪಾಠದಲ್ಲಿ ಎಷ್ಟು ಹೇಳಿದರೂ ಮನಸ್ಸಿಗೆ ಹತ್ತದ ಸಂಗತಿ, ಅಂದು ಒಂದು ಕನ್ನಡಿಯ ಮಿಂಚಿನಿಂದ ಹತ್ತಿತು.

ಆದರೆ ಕಂಡರೆ ಸಾಲದು. ಅಲೆ ನೂಲಿನ ಎಳೆಯಂತೆ ಹೋಗುವುದಿಲ್ಲ. ಬಳ್ಳಿಯಲ್ಲಿ ತೂಗುವ ಸೌತೆಕಾಯಿಯಂತೆ ಎರಡು ತುದಿಗಳಲ್ಲಿ ಸಣ್ಣಗೆ, ನಡುವೆ ದಪ್ಪಗೆ ಹರಡಿಕೊಂಡು ಹೋಗುತ್ತದೆ. ಬೆಳಕಿನ ಅಲೆಗಳನ್ನು ಕುರಿತು ಆಲೋಚಿಸಿದ ಫ್ರೆಂಚ್ ವಿದ್ವಾಂಸ ಫ್ರೆನೆಲ್‌ನ ಹೆಸರಿನಿಂದ ಈ ವಲಯವನ್ನು ಕರೆಯುತ್ತಾರೆ. ೨ ಕಿಲೋಮೀಟರ್ ದೂರಕ್ಕೆ, ೫.೮ ಗಿಗಾಹರ್ಟ್ಸ್ ಆವರ್ತನದಲ್ಲಿ, ನಟ್ಟನಡುವೆ ಇದರ ತ್ರಿಜ್ಯ ೫ ಮೀಟರ್. ಅದರಲ್ಲಿ ೧೦ಕ್ಕೆ ೬ ಪಾಲಾದರೂ, ಎಂದರೆ ಸುಮಾರು ೧೦ ಅಡಿಯಾದರೂ, ತೆರವಾಗಿರಬೇಕು. ಕಂಬದಿಂದ ೩೦ ಮೀಟರ್ ದೂರದಲ್ಲಿ ಎರಡೂವರೆ ಅಡಿ ತೆರವಿದ್ದರೆ ಸಾಕು. ಭೂಮಿಯ ಉಬ್ಬನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಮ್ಮ ದೂರಕ್ಕೆ ಅದು ಮೂರು ಅಂಗುಲ ಮಾತ್ರ. ೨೦೦೭ರಲ್ಲಿ ವೆನೆಜುವೆಲ ದೇಶದಲ್ಲಿ ಇದೇ ಬಗೆಯ ಉಪಕರಣಗಳಿಂದ ೩೮೨ ಕಿಲೋಮೀಟರ್ ದೂರಕ್ಕೆ ಸಂಪರ್ಕ ಸಾಧಿಸಿದರು. ಅಲ್ಲಿ ಭೂಮಿಯ ಉಬ್ಬೇ ಎರಡು ಕಿಲೋಮೀಟರನ್ನು ಮಿಕ್ಕುವುದರಿಂದ ಎತ್ತರದ ಪರ್ವತದಿಂದ ಪರ್ವತಕ್ಕೆ ಕಟ್ಟಬೇಕಾಯಿತು. ನಮಗೆ ಪರ್ವತ ಬೇಡ. ೩೦ ಅಡಿಯ ಕಂಬ ಸಾಕು ಎಂದು ಲೆಕ್ಕ ಹೇಳಿತು.

ಲೆಕ್ಕ ಹೇಳದೆ ಉಳಿದ ಸಂಗತಿಯೊಂದಿತ್ತು. ಶಾಲೆಯ ಅಂಗಳದ ಪೂರ್ವದಲ್ಲಿ ದೊಡ್ಡದೊಂದು ಹೊಂಗೆಮರವಿದೆ. ಫೆಬ್ರವರಿಯಲ್ಲಿ ನಾವು ಕನ್ನಡಿ ನೋಡಿದಾಗ ಅದು ಎಲೆಯುದುರಿಸಿ ನಿಂತಿದ್ದಿತು. ಯುಗಾದಿಯ ಹೊತ್ತಿಗೆ ಚಿಗುರಿ ತುಂಬಿಕೊಂಡಿತು. ಹೊಸೂರಿನಿಂದ ಬಂದ ತಂತ್ರಜ್ಞ ತರುಣನು ಎರಡನೆಯ ಸಲ ಏಣಿ ಹತ್ತಿ ನೋಡಿ ಇಳಿದು ತಲೆಯಾಡಿಸಿದನು. ಎಲೆಯೆಂದರೆ ನೀರು, ನೀರು ಈ ಅಲೆಗಳನ್ನು ಕುಡಿದುಬಿಡುತ್ತದೆ, ಮಳೆಯಲ್ಲಿ ನೆನೆದ ಎಲೆಯಂತೂ ಗೋಡೆಯೇ ಸರಿ. "ಈ ಕಡೆಯ ಅರ್ಧ ಮರ ತೆಗೆಸಿದರೆ ಸಾಕು, ಸಾರ್" ಎಂದನು. ಅವನು ಹೇಳಿದ್ದು ತನ್ನ ವಿದ್ಯೆಗೆ ಸರಿಯಾದ ಮಾತೇ.

ಮರವನ್ನು ನೆಟ್ಟವರು ಈಗಿಲ್ಲ. ಅವರ ಹೆಂಡತಿ ಬದುಕಿದ್ದಾರೆ. ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಊಟಕ್ಕೆ ಬಹುಕಾಲ ಅಡಿಗೆ ಮಾಡಿದವರು. ಮಕ್ಕಳೆಲ್ಲರಿಗೂ ಅಜ್ಜಿ, ನಮಗೂ ಅಜ್ಜಿಯೇ. ಸುದ್ದಿ ಅವರ ಕಿವಿಗೆ ಬಿದ್ದು ಬಂದರು. ಸಿಟ್ಟಾಗಲಿಲ್ಲ. ಮರದ ಬುಡದ ಕಟ್ಟೆಯ ಮೇಲೆ ಕುಳಿತು ಒಂದೇ ಮಾತು ಕೇಳಿದರು: "ಮೇಷ್ಟ್ರೇ, ಮಕ್ಕಳು ಈ ನೆರಳಲ್ಲಿ ಕೂತು ಉಣ್ತವೆ. ನಿಮ್ಮ ಕಂಬದ ನೆರಳಲ್ಲಿ ಎಷ್ಟು ಮಕ್ಕಳನ್ನ ಕೂರಿಸ್ತೀರ?"

ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಲೆಕ್ಕವನ್ನು ಮತ್ತೆ ಮಾಡಬೇಕಾಗಿತ್ತು, ಅಷ್ಟೆ. ಗೆರೆ ಒಂದು ತುದಿಯಲ್ಲಿ ಕದಲಿದರೆ ಅದರ ದಾರಿಯೆಲ್ಲ ಕದಲುತ್ತದೆ. ಅಂಗಳದ ನಕ್ಷೆಯನ್ನು ಕರಿಹಲಗೆಯ ಮೇಲೆ ಬರೆದು ನಾಲ್ಕನೆಯ ಐದನೆಯ ತರಗತಿಗಳ ಮಕ್ಕಳಿಗೆ ಅಳತೆಯ ಪಾಠವಾಗಿಯೇ ಕೊಟ್ಟೆವು. ಕಂಬವು ಮರದ ಹೊರಗೆರೆಯಿಂದ ದೂರವಿರಬೇಕು; ವಿದ್ಯುತ್ ತಂತಿಯಿಂದ ಕಂಬದ ಎತ್ತರಕ್ಕಿಂತಲೂ ಹೆಚ್ಚು ದೂರವಿರಬೇಕು, ಕಂಬ ಉರುಳಿದರೂ ತಂತಿಗೆ ತಾಗಬಾರದು; ಬಿಗಿಯುವ ತಂತಿಗಳ ಗೂಟಗಳು ಮಕ್ಕಳು ಓಡುವ ಜಾಗಕ್ಕೆ ಬರಬಾರದು; ಕೇಬಲ್ ಕಂಪ್ಯೂಟರಿನ ಕೋಣೆಯವರೆಗೆ ೧೦೦ ಮೀಟರಿನೊಳಗೆ ಮುಗಿಯಬೇಕು. ಈ ನಾಲ್ಕು ಕಟ್ಟುಗಳಿಗೂ ಒಳಪಡುವ ಜಾಗ ಅಂಗಳದಲ್ಲಿ ಒಂದೇ ಒಂದಿತ್ತು: ವಾಯವ್ಯ ಮೂಲೆಯಲ್ಲಿ ಹಳೆಯ ನೀರಿನ ತೊಟ್ಟಿಯಿದ್ದ ಎಡೆ. ಅಲ್ಲಿಂದ ನೋಡಿದರೆ ಗೆರೆ ಮರವನ್ನು ಬಿಟ್ಟು ಬದಿಗೆ ಹಾಯುತ್ತದೆ. ಮರ ಇನ್ನೂ ಬೆಳೆಯುವ ಜೀವವೆಂದು ಎರಡೂವರೆ ಅಡಿಯ ಮೇಲೆ ಮತ್ತೆ ಆರು ಅಡಿ ತೆರವು ಬಿಟ್ಟೆವು. ತೊಟ್ಟಿಯನ್ನು ಒಡೆದು ತೆಗೆಯುವ ಖರ್ಚು ಹೆಚ್ಚಾಯಿತು. ಸಂಘದ ಸಭೆಯಲ್ಲಿ ಅದನ್ನು ಕುರಿತು ಒಂದು ಗಂಟೆ ವಾದ ನಡೆಯಿತು. ಕೊನೆಗೆ ಖರ್ಚನ್ನು ಒಪ್ಪಿದರು.

ನೆಲದ ಕೆಲಸ ಆಮೇಲೆ. ಹೆಂಚಿನ ಮಾಡು ಕಂಬವನ್ನು ಹೊರಲಾರದು; ನೆಲದಿಂದಲೇ ಎಬ್ಬಿಸಬೇಕು. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆಂಬುದನ್ನು ಆಷಾಢದ ಗಾಳಿಯನ್ನು ಕಂಡ ನಮ್ಮ ನಾಡಿನವರಿಗೆ ವಿವರಿಸಬೇಕಾಗಿಲ್ಲ. ಮೂರಡಿ ಉದ್ದಗಲ ಆಳದ ಗುಂಡಿ ತೋಡಿ, ಕಾಂಕ್ರೀಟು ತುಂಬಿ, ಕಲಾಯಿ ಹಾಕಿದ ಕಬ್ಬಿಣದ ಕೊಳವೆಯನ್ನು ಹಿಡಿಸುವ ಬುಡವನ್ನು ಕಟ್ಟಿದೆವು. ಸುತ್ತಲೂ ಮೂರು ದಿಕ್ಕುಗಳಲ್ಲಿ ಸಮನಾದ ಅಂತರದಲ್ಲಿ ಬಿಗಿತಂತಿಗಳಿಗೆ ಗೂಟಗಳು. ಮೇಸ್ತ್ರಿ ತಮಿಳು ಮನೆಮಾತಿನವರು. ನಮ್ಮೊಡನೆ ಕನ್ನಡದಲ್ಲಿ, ಆಳುಗಳೊಡನೆ ತೆಲುಗಿನಲ್ಲಿ ಮಾತಾಡುತ್ತಿದ್ದರು. ರಸಮಟ್ಟವಿಟ್ಟು, ತೂಗುಗುಂಡು ಬಿಟ್ಟು, ಬುಡವನ್ನು ನೆಟ್ಟಗೆ ಕಟ್ಟಿಕೊಟ್ಟು ಹೋಗುವಾಗ, "ಸಾಮಿ, ಕಾಂಕ್ರೀಟು ಹಸುಗೂಸಿದ್ದಂಗೆ. ಏಳು ದಿನ ಬಾಯಾರಿಸಬೇಡಿ" ಎಂದರು. ಮಕ್ಕಳು ಸರದಿಯಂತೆ ಗೋಣಿತಾಟು ಹೊದಿಸಿ ನೀರು ಹನಿಸಿದರು. ಕಾಂಕ್ರೀಟು ತನ್ನ ಪೂರ್ಣ ಬಲಕ್ಕೆ ಬರುವುದು ೨೮ ದಿನಗಳಿಗೆ. ಅದಕ್ಕೆ ಮುಂಚೆ ಕಂಬವನ್ನು ಬಿಗಿಯೋಣವೆಂದು ಅವಸರಪಡಿಸಿದವರಿದ್ದರು, ಕಾದೆವು.

ಕಾದಿದ್ದ ದಿನಗಳಲ್ಲಿಯೇ ಮೇ ತಿಂಗಳ ಸಿಡಿಲು ಮಳೆ ಬಂದಿತು. ಸಿಡಿಲಿನ ವಿಷಯದಲ್ಲಿ ಯಾರೂ ಹಗುರವಾಗಿ ನಡೆಯಬಾರದು. ಬಯಲಿನಲ್ಲಿ ಎತ್ತರವಾಗಿ ನಿಂತ ಲೋಹದ ಕಂಬ ಸಿಡಿಲನ್ನು ಬಾ ಎಂದು ಕರೆದಂತೆಯೇ. ಅದು ಬಂದರೆ ನೆಲಕ್ಕೆ ಇಳಿಯುವುದಕ್ಕೆ ಹತ್ತಿರದ, ನೇರವಾದ ದಾರಿಯನ್ನು ನಾವೇ ಮೊದಲು ಮಾಡಿಟ್ಟಿರಬೇಕು. ಕಂಬದ ಬಳಿಯಲ್ಲಿ ೮ ಅಡಿಗೂ ಮಿಕ್ಕಿ ಆಳಕ್ಕೆ ಕೊಳವೆಯನ್ನು ಇಳಿಸಿ, ಸುತ್ತಲೂ ಇದ್ದಿಲು ಉಪ್ಪುಗಳನ್ನು ತುಂಬಿ, ದಪ್ಪ ಪಟ್ಟಿಯಿಂದ ಕಂಬವನ್ನು ಅದಕ್ಕೆ ಕೂಡಿಸಬೇಕು. ಕಟ್ಟಡದ ವಿದ್ಯುತ್ತಿನ ಅರ್ತಿಂಗನ್ನೂ ಇದಕ್ಕೆ ಸೇರಿಸಬೇಕು. ಎರಡನ್ನು ಬೇರೆ ಬೇರೆ ಬಿಟ್ಟರೆ ಸಿಡಿಲು ಒಂದರಿಂದ ಇನ್ನೊಂದಕ್ಕೆ ಮಕ್ಕಳಿರುವ ಕೋಣೆಯ ಮೂಲಕವೇ ಹಾಯ್ದೀತು. ಅರ್ತಿಂಗಿನ ಕೆಲಸವನ್ನು ಪರವಾನಗಿಯಿರುವ ವಿದ್ಯುತ್ ಕೆಲಸಗಾರರಿಂದಲೇ ಮಾಡಿಸಿ, ಅಳತೆಯ ಯಂತ್ರ ಹಿಡಿಸಿ ನೋಡಿದೆವು. ಗುಡುಗು ಕೇಳಿದೊಡನೆ ಕಂಬದ ಬಳಿಯಾಗಲಿ ಬಿಗಿತಂತಿಯ ಬಳಿಯಾಗಲಿ ಯಾರೂ ನಿಲ್ಲಬಾರದೆಂದು ಕನ್ನಡ ತಮಿಳುಗಳೆರಡರಲ್ಲೂ ಹಲಗೆ ಬರೆಸಿದೆವು.

ಅರ್ತಿಂಗಿನ ಗುಂಡಿ ತೋಡುವ ದಿನ ಆಳುಗಳು ಸಿಗಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಆಟೋ ಚಾಲಕರೊಬ್ಬರು ಗಾಡಿ ನಿಲ್ಲಿಸಿ ಹಾರೆ ಹಿಡಿದರು. "ಅಲ್ಲಿ ಕಂಪ್ಯೂಟರ್ ಇದೆ" ಎಂದು ತಮ್ಮ ಹಿರಿಯ ಮಗನನ್ನು ನಮ್ಮ ಶಾಲೆಯಿಂದ ಬಿಡಿಸಿ ಬೇರೆಡೆಗೆ ಸೇರಿಸಿದ್ದವರು ಅವರೇ. ನೆಲ ಗಟ್ಟಿಯಾಗಿದ್ದಿತು, ಮೊಳದ ಕೆಳಗೆ ಬರಿಯ ಕಲ್ಲುಮಣ್ಣು. ಮಧ್ಯಾಹ್ನದವರೆಗೆ ಇಬ್ಬರೂ ಸರದಿಯಲ್ಲಿ ತೋಡಿದೆವು. ಈ ಗುಂಡಿ ಏತಕ್ಕೆಂದು ಕೇಳಿದರು, ಹೇಳಿದೆವು. ಮತ್ತೇನೂ ಮಾತು ಆಗಲಿಲ್ಲ. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ತಮ್ಮ ಕಿರಿಯ ಮಗಳ ಕೈಹಿಡಿದು ಒಂದನೆಯ ತರಗತಿಗೆ ಕರೆತಂದರು. ಕಂಬವನ್ನು ನೋಡಿ ಕರೆತಂದರೋ, ಹಾರೆ ಹಿಡಿದ ಸ್ನೇಹಕ್ಕೆ ಕರೆತಂದರೋ, ನಾವು ಕೇಳಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ಬರೆದುಕೊಂಡೆವು.

ಇನ್ನು ಚಿಕ್ಕವಾಗಿ ಕಾಣುವ ಕೆಲವು ಸಂಗತಿಗಳು. ಕೇಬಲ್ ಗೋಡೆಯನ್ನು ಹೊಗುವ ರಂಧ್ರ ಹೊರಗಿನಿಂದ ಒಳಗೆ ಮೇಲ್ಮುಖವಾಗಿ ಓರೆಯಾಗಿರಬೇಕು; ಹೊಗುವ ಮೊದಲು ಕೇಬಲ್ ಒಂದು ಗೇಣು ಕೆಳಗೆ ಬಾಗಿ ಮೇಲೇರಬೇಕು. ಆಗ ಮಳೆಯ ನೀರು ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಬಿಸಿಲಿಗೆ ಸಿಡಿಯದ ಹೊರಗಿನ ಬಗೆಯ ಕರಿಯ ಕೇಬಲನ್ನೇ ತರಬೇಕು. ಬಿಗಿತಂತಿಗಳಿಗೆ ಆಳೆತ್ತರದವರೆಗೆ ಹಳದಿ ಬಣ್ಣದ ಕೊಳವೆ ತೊಡಿಸಬೇಕು, ಓಡುವ ಮಕ್ಕಳ ಕಣ್ಣಿಗೆ ಬೀಳಲೆಂದು. ಮಂಗಗಳ ಮಾತನ್ನೂ ಮರೆಯಬಾರದು. ಹಿಮಾಲಯದ ಧರ್ಮಶಾಲೆಯಲ್ಲಿ ಇಂಥ ಜಾಲವನ್ನು ಕಟ್ಟಿದವರಿಗೆ ಕೋತಿಗಳ ಕಾಟವೂ ಒಂದು ಸಮಸ್ಯೆಯಾಗಿದ್ದಿತು. ಕಾಗದದ ಕೆಲಸವೂ ಸ್ಥಳದ ಕೆಲಸವೇ. ಹಿಂದೆ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಪರವಾನಗಿ ಪಡೆಯಬೇಕಾಗಿದ್ದಿತು. ಈಗ ೨.೪ ಗಿಗಾಹರ್ಟ್ಸಿನ ಪಟ್ಟಿಯನ್ನು ೨೦೦೫ರಲ್ಲಿಯೂ, ೫ ಗಿಗಾಹರ್ಟ್ಸಿನ ಪಟ್ಟಿಯನ್ನು ೨೦೧೮ರಲ್ಲಿಯೂ ಸರ್ಕಾರವು ಗೊತ್ತಾದ ಶಕ್ತಿಯ ಮಿತಿಗೆ ಒಳಪಟ್ಟು ಪರವಾನಗಿಯಿಂದ ಬಿಡುಗಡೆ ಮಾಡಿದೆ. ಆದರೂ ಶಾಲೆಯ ಆಡಳಿತದವರ, ವಾಚನಾಲಯದ ಕಟ್ಟಡದ ಒಡೆಯರ, ಸಂಪರ್ಕ ಒದಗಿಸುವವರ ಒಪ್ಪಿಗೆಯನ್ನು ಬರಹದಲ್ಲಿ ಪಡೆದೆವು. ಬಾಯಿಮಾತಿನ ಒಪ್ಪಿಗೆ ಬಾಯಿಮಾತಿನಲ್ಲೇ ಹೋಗುತ್ತದೆ.

ಇಷ್ಟಾದರೂ ಒಂದು ಭಯ ಉಳಿದಿದೆ. ಎರಡು ತುದಿಗಳ ನೆಲ ನಮ್ಮವರದು; ನಡುವಿನ ಗಾಳಿಗೆ ನಮ್ಮಲ್ಲಿ ಪಟ್ಟಾ ಇಲ್ಲ. ಹೊಸೂರು ಬೆಳೆಯುತ್ತಿರುವ ಪಟ್ಟಣ. ೨೦೧೯ರಲ್ಲಿ ಮಹಾನಗರಪಾಲಿಕೆಯೂ ಆಯಿತು. ದಾರಿಯ ನಡುವೆ ಇಂದು ಎರಡು ಅಂತಸ್ತಿನ ಮನೆಗಳಿವೆ. ಅವುಗಳ ಮೇಲಿನಿಂದ ನಮ್ಮ ಗೆರೆ ಹಾಯುತ್ತದೆ. ನಾಳೆ ಯಾರಾದರೂ ನಾಲ್ಕು ಅಂತಸ್ತು ಕಟ್ಟಿದರೆ ಬೇಡವೆನ್ನುವ ಹಕ್ಕು ನಮಗಿಲ್ಲ. ಆಗ ಕಂಬವನ್ನು ಎತ್ತರಿಸಬೇಕು, ಇಲ್ಲವೆ ಆ ಮನೆಯ ಯಜಮಾನರನ್ನೇ ಕಂಡು ಅವರ ತಾರಸಿಯಲ್ಲಿ ಒಂದು ಮೊಳ ಜಾಗ ಬೇಡಬೇಕು. ನಮ್ಮ ರಾಜ್ಯದಲ್ಲಿಯೇ ತೇಣಿಯ ಅರವಿಂದ ಕಣ್ಣಾಸ್ಪತ್ರೆಯವರು, ಈ ಶತಮಾನದ ಮೊದಲ ದಶಕದಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿಯ ವಿದ್ವಾಂಸರ ನೆರವಿನಿಂದ ಸುತ್ತಲಿನ ಹಳ್ಳಿಗಳ ಕಣ್ಣಿನ ಕೇಂದ್ರಗಳಿಗೆ ಇಂಥ ಗೆರೆಗಳನ್ನು ಎಳೆದರು. ಹಳ್ಳಿಯ ರೋಗಿಯನ್ನು ದೂರದ ವೈದ್ಯರು ಕುಳಿತಲ್ಲಿಂದಲೇ ನೋಡುವಂತಾಯಿತು. ಅಂಥ ಗೆರೆಗಳು ಉಳಿಯಬೇಕಾದರೆ ಹಗಲೂ ಇರುಳೂ ನೋಡಿಕೊಳ್ಳುವ ಜನ ಎರಡು ತುದಿಗಳಲ್ಲಿಯೂ ಬೇಕು. ಕನ್ನಡದ ತರಗತಿಯ ವಿಷಯವೂ ಹೀಗೆಯೇ ಎಂದು ನಮಗೆ ತೋರುತ್ತದೆ. ಅದಕ್ಕೂ ಪಟ್ಟಾ ಇಲ್ಲ. ಪ್ರತಿ ಜೂನ್ ತಿಂಗಳಲ್ಲಿಯೂ ಮನೆಮನೆಗೆ ಹೋಗಿ ಕೇಳಿ ಪಡೆಯಬೇಕಾದ ಜಾಗ ಅದು.

ಕಂಬ ನಿಂತಿದೆ. ಬಣ್ಣ ಬಳಿದಾಗಿದೆ. ಬಿಗಿತಂತಿಗಳನ್ನು ತಿಂಗಳಿಗೊಮ್ಮೆ ನೋಡಲು ಗೊತ್ತುಮಾಡಿ ಒಂದು ಪುಸ್ತಕವಿಟ್ಟಿದ್ದೇವೆ. ಸಂಘದ ಚಂದಾ ಹಣ ಪೂರ್ತಿಯಾದೊಡನೆ ಆಂಟೆನಾಗಳೆರಡೂ ಬರಬೇಕು. ಮೊದಲ ದಿನ ಏನನ್ನು ನೋಡಬೇಕೆಂದು ತರಗತಿಯಲ್ಲಿ ಕೇಳಿದೆವು. ಒಬ್ಬನು ಹುಲಿ ಎಂದನು, ಒಬ್ಬಳು ಸಮುದ್ರ ಎಂದಳು. ಏಣಿ ಹತ್ತಿ ಕನ್ನಡಿಯ ಬೆಳಕನ್ನು ಕಂಡಿದ್ದ ಹುಡುಗನು ಮಾತ್ರ, "ಅಲ್ಲಿ ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ಕನ್ನಡದಲ್ಲೇ ಉತ್ತರ ಬರುತ್ತದೆಯೇ ಸಾರ್?" ಎಂದು ಕೇಳಿದನು. ಬರುತ್ತದೆ ಎಂದೆವು. ಈ ಬರಹವನ್ನು ಓದುವ ಕನ್ನಡ ಬಲ್ಲವರೆಲ್ಲರೂ ತಮಗೆ ತಿಳಿದುದನ್ನು ಕನ್ನಡದಲ್ಲಿ ಬರೆದು ಅಲ್ಲಿ ಸೇರಿಸುತ್ತಿದ್ದರೆ ನಮ್ಮ ಮಾತು ನಿಂತೀತು.